ಇರುವೆ ಹಕ್ಕಿಯಾದದ್ದು

ಚಿಕ್ಕೋಡಿ, ಹೊರಡುವ ಮೊದಲು

ಜಪಾನಿಗೆ ಹೋಗಿ ಬಂದವರೆಲ್ಲ ಅಲ್ಲಿನ ರೈಲು ಎಷ್ಟು ಸರಿಯಾದ ಹೊತ್ತಿಗೆ ಬರುತ್ತದೆ ಎಂದು ಹೇಳಿಯೇ ಶುರುಮಾಡುತ್ತಾರೆ. ಬರುತ್ತದೆ. ಆ ವಿಷಯ ಮುಗಿಯಿತು. ನಾನು ಹೇಳಹೊರಟಿರುವುದು ಒಂದು ಪಂದ್ಯದ ಕಥೆ.

ಇಲ್ಲಿರುವುದೆಲ್ಲ ನನ್ನ ನೆನಪಿನಿಂದ ಬಂದದ್ದು, ಆ ನೆನಪಿನ ಮೇಲೆಯೇ ಈ ಪ್ರವಾಸದಲ್ಲಿ ವಿಚಾರಣೆ ನಡೆದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬರೆದದ್ದನ್ನು ಹೆಂಡತಿ ಪದ್ಮಾ ಓದಿ ಎರಡು ಕಡೆ ಪೆನ್ಸಿಲ್ಲಿನಲ್ಲಿ "ಸುಳ್ಳ" ಎಂದು ಗುರುತು ಮಾಡಿದ್ದಾಳೆ. ಎರಡನ್ನೂ ಹಾಗೇ ಬಿಟ್ಟಿದ್ದೇನೆ. ಅವಳ ನೆನಪನ್ನಾದರೂ ಯಾರು ಪರೀಕ್ಷೆ ಮಾಡಿದ್ದಾರೆ?

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಓದಿ ಚಿಕ್ಕೋಡಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವನು. ವಯಸ್ಸು ಐವತ್ಮೂರು. ನಾಲ್ಕು ವರ್ಷದ ಹಿಂದೆ ಒಂದು ದಿನ ತರಗತಿಯಲ್ಲಿ ಹಳದಿ ಪುಡಿಯ ಬಾಟಲಿ ಕೈಯಲ್ಲಿ ಹಿಡಿದು ನಿಂತೆ. ಅದರ ಹೆಸರು ಬರಲಿಲ್ಲ. ಬಾಯಿ ತೆರೆದೇ ಇತ್ತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕನಿಕರದಿಂದ, "ಸರ, ಗಂಧಕ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಊಟ ಮಾಡಲಿಲ್ಲ.

ಯಾಕೆಂದರೆ ಅಪ್ಪ. ಶೇಡಬಾಳದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಪ್ಪ ತಮ್ಮ ಕೊನೆಯ ವರ್ಷಗಳಲ್ಲಿ ನನ್ನನ್ನು ಬಹಳ ಗೌರವದಿಂದ ಕೇಳುತ್ತಿದ್ದರು: "ಬರ್ರಿ, ಕುಂಡ್ರಿ. ತಾವು ಯಾರ ಪೈಕಿರಿ?" ಹುಟ್ಟಿದಾಗಿನಿಂದ "ಲೇ" ಎಂದು ಕರೆದ ಮನುಷ್ಯ "ರಿ" ಹಚ್ಚಿ ಮಾತಾಡಿಸಿದಾಗ ಮಗನಿಗೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಜಪಾನಿ. ಮಿದುಳನ್ನು ತೂಗಲು ನನಗೊಂದು ಶುದ್ಧ ಪದಾರ್ಥ ಬೇಕಿತ್ತು. ಮರಾಠಿ, ಹಿಂದಿ, ಉರ್ದು ನಮ್ಮ ಸೀಮೆಯಲ್ಲಿ ಬೇಡವೆಂದರೂ ಕಿವಿಗೆ ಬೀಳುತ್ತವೆ, ಅವುಗಳಿಂದ ಏನೂ ಸಾಬೀತಾಗುವುದಿಲ್ಲ. ಜಪಾನಿ ಪದವನ್ನು ಇವತ್ತು ಒಳಗೆ ಹಾಕು, ನಾಲ್ಕು ದಿನ ಬಿಟ್ಟು ಉಳಿದಿದೆಯೇ ನೋಡು. ಉಳಿದಿದ್ದರೆ ನಾನು ಅಪ್ಪನಲ್ಲ.

ಮೊದಲ ಎರಡು ತಿಂಗಳು ಮೈತುಂಬ ಹುಮ್ಮಸ್ಸು. ಆಮೇಲೆ ಅದನ್ನು ಸಾಕುವುದೇ ಒಂದು ಉದ್ಯೋಗವಾಯಿತು. ಒಂದು ಆ್ಯಪಿನೊಳಗಿನ ಪ್ರಾಣಿ ನಾನು ಓದದ ದಿನ ಕಣ್ಣೀರಿಡುತ್ತಿತ್ತು. ನನ್ನ ವಿದ್ಯಾರ್ಥಿಗಳು ನಪಾಸಾದಾಗ ನಾನೇ ಅಷ್ಟು ಅತ್ತಿಲ್ಲ, ತೆಗೆದುಹಾಕಿದೆ. ವಿಡಿಯೋದ ಗುರುಗಳು ಮನೆಯ ಸಾಮಾನಿಗೆಲ್ಲ ಜಪಾನಿ ಚೀಟಿ ಅಂಟಿಸಿ ಎಂದರು, ಅಂಟಿಸಿದೆ. ಅಡುಗೆಮನೆಯ ಡಬ್ಬಿಗಳ ಕನ್ನಡ ಅಕ್ಷರ ಮುಚ್ಚಿಹೋಗಿ, ಶೇಡಬಾಳದಿಂದ ಬಂದ ಅವ್ವ ಬೀಗರ ಚಹಾಕ್ಕೆ ಉಪ್ಪು ಹಾಕಿದಳು. ಅದರಿಂದಾದ ಏಕೈಕ ಲಾಭವೆಂದರೆ ಪದ್ಮಾ ಎರಡು ಪದ ಕಲಿತದ್ದು. "ಶಿಓ" ಉಪ್ಪು, "ಸಾತೋ" ಸಕ್ಕರೆ.

ಪದಗಳ ಕಾರ್ಡು ಮಾಡಿಕೊಡುವ ಝೆರಾಕ್ಸ್ ಅಂಗಡಿಯ ಮಾನೆ ಪ್ರತಿ ಸಲವೂ ಕೇಳುತ್ತಿದ್ದ: "ಕಾಯ್ ಸರ, ಮತ್ತ ಇನ್ನೂರ ಕಾರ್ಡ? ಶೇಡಬಾಳ ಸ್ಟೇಷನ್ನಾಗ ಯಾರರ ಜಪಾನಿ ಬಂದ ಇಳದಾರೇನ?"

"ಇಳದರ ಮಾತಾಡಾಕ ಒಬ್ಬಾವರ ಬೇಕಲ್ಲೋ."

"ಅಂವ ಇಳಿಯೋದರಾಗ ನೀವ ರಿಟೈರ್ ಆಗತೀರಿ ನೋಡ್ರಿ."

ಹುಮ್ಮಸ್ಸು ಎರಡು ತಿಂಗಳಿಗೆ ಆರಿತು. ಹೆದರಿಕೆ ನಾಲ್ಕು ವರ್ಷ ಬಾಳಿಕೆ ಬಂತು. ಕಲಿಕೆಯ ಬಗ್ಗೆ ಇಷ್ಟು ಪ್ರಾಮಾಣಿಕ ಮಾತನ್ನು ಯಾವ ವಿಡಿಯೋದ ಗುರುವೂ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಈ ವರ್ಷ ಹೆದರಿಕೆಯೂ ತಿರುಗಿಬಿತ್ತು. ನಿನ್ನೆ ಕಲಿತ ಕಾರ್ಡು ಇವತ್ತು ಮೊದಲ ಸಲ ನೋಡಿದಂತೆ ಕಾಣತೊಡಗಿತು. ಕಾರ್ಡು ಮುಟ್ಟುವುದನ್ನೇ ಬಿಟ್ಟೆ, ಸಿಡುಕತೊಡಗಿದೆ. ಆಗ ಏಕಸಂಬಿಯ ಮಗಳಾದ ನನ್ನ ಹೆಂಡತಿ ಪಂಚರಂತೆ ಕೂತು ತೀರ್ಪು ಕೊಟ್ಟಳು.

"ರೀ, ಇಬ್ಬರೂ ಜಪಾನಕ್ಕ ಹೋಗೂಣು. ಅಲ್ಲೆ ಒಬ್ಬರ ಕೂಡ ಮಾತಾಡ್ರಿ. ಹತ್ತ ಸಲ ಅವರು, ಹತ್ತ ಸಲ ನೀವು. ಮೊಬೈಲ್ ತಗೀಬಾರದು, ಇಂಗ್ಲಿಷ್ ಬರಬಾರದು. ಆತು ಅಂದ್ರ ನಿಮ್ಮ ಕಾರ್ಡ ಮನಿ ತುಂಬ ಇರಲಿ, ನಾ ಉಸರ ಒಡ್ಯಂಗಿಲ್ಲ. ಆಗಲಿಲ್ಲ ಅಂದ್ರ ಕಾರ್ಡೆಲ್ಲಾ ರದ್ದಿಗೆ, ನೀವು ಮಿರಜಿನ ಡಾಕ್ಟರ ಕಡೆ. ಅಲ್ಲೆ ನಿಮ್ಮ ತಲಿ ತೋರಸೂದು."

ಒಪ್ಪಿಕೊಂಡೆ. ಮಿರಜಿನ ಆ ಡಾಕ್ಟರ ಬಾಗಿಲು ನನಗೆ ಗೊತ್ತು. ಅಪ್ಪನನ್ನು ಕರೆದುಕೊಂಡು ಹೋದವನು ನಾನೇ.

ಓಸಾಕಾ, ಮೊದಲ ದಿನ

ರೈಲು ನಿಲ್ದಾಣದ ಕಿಟಕಿಯಲ್ಲಿ ಕೂತ ಯುವಕನಿಗೆ, ವಿಮಾನದಲ್ಲಿ ಏಳು ತಾಸು ಉರುಹೊಡೆದ ವಾಕ್ಯವನ್ನು ಒಪ್ಪಿಸಿದೆ: ಶಿಕೋಕು ದ್ವೀಪಕ್ಕೆ ಹೋಗಲು ಎಲ್ಲಿ ಗಾಡಿ ಬದಲಿಸಬೇಕು? ಅವನು ಕಣ್ಣರಳಿಸಿ, "ನಿಹೊಂಗೊ ಜೋಝು" ಎಂದ. ನಿಮ್ಮ ಜಪಾನಿ ಬಹಳ ಚೆನ್ನಾಗಿದೆ ಎಂದರ್ಥ. ಎದೆ ಉಬ್ಬಿತು. ಮರುಕ್ಷಣ ಅವನು ಉತ್ತರವನ್ನು ಇಂಗ್ಲಿಷಿನಲ್ಲಿ ಕೊಟ್ಟ.

ಹಣ್ಣಿನ ಅಂಗಡಿಯವಳೂ ಹಾಗೇ ಅಂದಳು. ಹೋಟೆಲಿನ ಕೌಂಟರಿನವಳೂ ಅಂದು, ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಅದು ಹೆಣ್ಣುದನಿಯಲ್ಲಿ ಶುದ್ಧ ಹಿಂದಿಯಲ್ಲಿ "ಕೃಪಯಾ ಪ್ರತೀಕ್ಷಾ ಕರೇಂ" ಎಂದಿತು. ಚಿಕ್ಕೋಡಿಯಿಂದ ಓಸಾಕಾಕ್ಕೆ ಬಂದು ಹಿಂದಿಯಲ್ಲಿ ಕಾಯಿಸಿಕೊಂಡೆ. ಸಂಜೆಯ ಹೊತ್ತಿಗೆ ಆ ಹೊಗಳಿಕೆಯ ಅರ್ಥ ತಿಳಿಯಿತು. ಬಾಗಿಲಲ್ಲಿ ನಿಂತ ನೆಂಟರಿಗೆ ನಾವು "ಊಟಾ ಮಾಡಿ ಹೋಗ್ರಲ್ಲ" ಅನ್ನುತ್ತೇವಲ್ಲ, ಅಂಥದು. ಅದರಲ್ಲಿ ಮುಖ್ಯವಾದದ್ದು "ಹೋಗ್ರಿ".

"ಸೊನ್ನಿ" ಎಂದಳು ಪದ್ಮಾ, ಬೆರಳಿನ ಗೆಣ್ಣು ನೋಡಿಕೊಂಡು.

ಅವಳ ಗತಿ ಬೇರೆ. ಮಳೆ ಜಿನುಗುತ್ತಿತ್ತು. ಅಂಗಡಿಯೊಂದರಲ್ಲಿ ನಾನು ಛತ್ರಿ ಮರೆತು ಬಂದಿದ್ದೆ (ಛತ್ರಿ ಮರೆಯುವುದು ಎಲ್ಲರೂ ಮಾಡುವ ಕೆಲಸ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು). ಅಂಗಡಿಯ ಮುದುಕ ಆ ಛತ್ರಿಯನ್ನು ಮಡಚಿಯೇ ಹಿಡಿದು, ತಾನು ನೆನೆಯುತ್ತ ಎರಡು ಓಣಿ ದಾಟಿ ಓಡಿ ಬಂದ. ಬೇರೆಯವರ ಛತ್ರಿಯನ್ನು ಕೇಳದೆ ಬಿಚ್ಚಬಾರದು ಎಂದಿರಬೇಕು, ನನ್ನ ಊಹೆ. "ಅಯ್ಯ ಅಜ್ಜಾರ, ತೊಯ್ಸಕೊಂಡ್ರಲ್ಲ! ಈ ಮನಷ್ಯಾನ ಸಲುವಾಗಿ ಯಾಕ ಓಡಿ ಬಂದ್ರಿ?" ಎಂದು ಪದ್ಮಾ ಸೆರಗಿನಿಂದ ಅವನ ತೋಳು ಒರೆಸಲು ಹೋದಳು. ಅವನು ಜಪಾನಿಯಲ್ಲಿ ಏನೋ ಅಂದ, ಅವಳು ಕನ್ನಡದಲ್ಲಿ ಏನೋ ಅಂದಳು. ಐದು ನಿಮಿಷ ಹೀಗೇ ನಡೆದು ಇಬ್ಬರೂ ಸಂತೋಷವಾಗಿ ಬೀಳ್ಕೊಂಡರು. ಪಂದ್ಯ ಅವಳದಾಗಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಎರಡು ಡಬ್ಬಿಯ ರೈಲು

ಶಿಕೋಕುವಿನ ಒಳಗೆ ಓಡಾಡುವ ರೈಲಿಗೆ ಎರಡೇ ಡಬ್ಬಿ. ಯಾರೂ ಮಾತಾಡುವುದಿಲ್ಲ. ನಮ್ಮ ಮಿರಜ್ ಗಾಡಿಯಲ್ಲಿ ಕುಡಚಿ ದಾಟುವುದರೊಳಗೆ ಎದುರಿನವರ ಮಗಳ ಜಾತಕ, ದ್ರಾಕ್ಷಿ ತೋಟಕ್ಕೆ ಬಂದ ರೋಗ, ಮಂಡಿನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಮೂರು ತಾಸು ಎದುರಿಗೆ ಕೂತವನ ಬಗ್ಗೆ ನನಗೆ ತಿಳಿದದ್ದು ಅವನ ಕಾಲುಚೀಲದ ಬಣ್ಣ ಮಾತ್ರ. ನೀಲಿ. (ಪದ್ಮಾಳ ಮೊದಲ "ಸುಳ್ಳ" ಇಲ್ಲಿದೆ. ಹಸಿರಂತೆ.)

ನಾವು ಜೈನರು. ಈ ದೇಶದಲ್ಲಿ ನೀರು ಬಿಟ್ಟರೆ ಮಿಕ್ಕ ಎಲ್ಲದರಲ್ಲೂ ಮೀನು ಹೇಗೋ ಈಜಿಕೊಂಡು ಬಂದಿರುತ್ತದೆ. ನಾನು ದೇವರನ್ನು ಬಿಟ್ಟು ಬಹಳ ಕಾಲವಾಯಿತು, ನಾಲಿಗೆ ಮಾತ್ರ ಇನ್ನೂ ಶ್ರಾವಕನೇ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಕಟಕ ರೊಟ್ಟಿ ಮುರಿದ ಸದ್ದಿಗೆ ಇಡೀ ಡಬ್ಬಿ ತಿರುಗಿ ನೋಡಿತು.

ಆಗಲೇ ಪದ್ಮಾ ಕಿಟಕಿಗೆ ಮುಖ ಒತ್ತಿದಳು. "ರೀ, ಕಬ್ಬ!"

ನಿಜವಾಗಿಯೂ ಕಬ್ಬು. ಬೆರಳಿನಷ್ಟು ತೆಳ್ಳಗೆ, ಅಂಗಳದಷ್ಟು ಜಾಗದಲ್ಲಿ.

"ಪಾಪ, ಹೊಟ್ಟಿಗಿಲ್ಲದ ಕಬ್ಬ" ಎಂದಳು. "ನಮ್ಮ ಎಮ್ಮಿ ಇದನ್ನ ಮೂಸಿ ನೋಡಂಗಿಲ್ಲ."

ಹರು-ಸಾನರ ಮನೆ, ಚಪ್ಪಲಿಗಳ ವಿಚಾರ

ಕಡಲ ದಂಡೆಯ ಆ ಸಣ್ಣ ಊರಿನಲ್ಲಿ ನಾವು ಇಳಿದುಕೊಂಡದ್ದು ಎಪ್ಪತ್ತು ದಾಟಿದ ಹರು ಎಂಬ ವಿಧವೆಯ ಮನೆಯಲ್ಲಿ. ಎರಡು ಕೋಣೆ ಅತಿಥಿಗಳಿಗೆ, ಉಳಿದದ್ದು ಅವರಿಗೆ. ಹೆಸರಿಗೆ "ಸಾನ್" ಹಚ್ಚಿ ಕರೆಯುವುದು ಅಲ್ಲಿನ ಮರ್ಯಾದೆ, ಹಾಗಾಗಿ ಹರು-ಸಾನ್. ಅವರಿಗೆ ಇಂಗ್ಲಿಷ್ ಬಾರದು, ಫೋನಿಗೆ ಗುಂಡಿಗಳಿದ್ದವು. ಪಂದ್ಯಕ್ಕೆ ಇದಕ್ಕಿಂತ ಒಳ್ಳೆಯ ಎದುರಾಳಿ ಎಲ್ಲಿ ಸಿಗಬೇಕು? ಜೈನರ ಮನೆಯ ಹಾಗೆ ಹೊತ್ತು ಮುಳುಗುವ ಮೊದಲೇ ಊಟ ಬಡಿಸುತ್ತಿದ್ದರು. "ಇವರೂ ನಮ್ಮ ಪೈಕೀನ ಇರಬೇಕ ತಗೋರಿ" ಎಂದಳು ಪದ್ಮಾ.

ಆದರೆ ನಾನು ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಕಾರಣ ಚಪ್ಪಲಿ.

ಅಥಣಿಯಲ್ಲಿ ಹೊಲಿಸಿದ, ನಡೆದರೆ ಕಿರ್ ಕಿರ್ ಎನ್ನುವ ಚಪ್ಪಲಿ ನನ್ನದು. ಮನೆಯೊಳಗೆ ಹೋಗುವವನು ಹೊಸ್ತಿಲ ಕೆಳಗೆ ಬಿಟ್ಟರೆ ಅವುಗಳ ತುದಿ ಮನೆಯ ಕಡೆ ಇರಬೇಕಲ್ಲವೇ? ಮೊದಲ ಬೆಳಿಗ್ಗೆ ನೋಡಿದರೆ ಬೀದಿಯ ಕಡೆ ಇದ್ದವು. ನಾನೇ ಹಾಗೆ ಬಿಟ್ಟಿರಬೇಕು ಅಂದುಕೊಂಡೆ. ಎರಡನೆಯ ಬೆಳಿಗ್ಗೆಯೂ ಹಾಗೇ. ಆ ಸಂಜೆ ವಿಜ್ಞಾನದ ವಿದ್ಯಾರ್ಥಿಯಂತೆ ಡೈರಿಯಲ್ಲಿ ಬರೆದೆ: "ಚಪ್ಪಲಿ ಒಳಮುಖ. ಕಣ್ಣಾರೆ ನೋಡಿದ್ದೇನೆ." ಕೆಳಗೆ ಸಹಿ ಹಾಕಿದೆ.

ಮೂರನೆಯ ಬೆಳಿಗ್ಗೆ ಚಪ್ಪಲಿ ಹೊರಮುಖ.

ಡೈರಿ ಸುಳ್ಳಾಗಿರಬೇಕು, ಇಲ್ಲವೇ ನಾನು. ಅಪ್ಪನದೂ ಸಣ್ಣದರಿಂದಲೇ ಶುರುವಾಗಿತ್ತು. ಟೋಪಿ ಎಲ್ಲಿಟ್ಟೆ, ಕನ್ನಡಕ ಎಲ್ಲಿಟ್ಟೆ. ಪದ್ಮಾಗೆ ಹೇಳಿದೆ. ಅವಳು ಬೇರೆಯೇ ಅರ್ಥ ಮಾಡಿದಳು.

"ಹೋಗ್ರಿನ್ನ ಅನ್ನಾಕತ್ತಾರ ರೀ ಅವರು. ಚಪ್ಪಲಿ ಬೀದೀಕಡೆ ತಿರಿಗಿಸಿ ಇಟ್ಟಾರಂದ್ರ ಮತ್ತೇನ? ನೀವು ದಿನಾ ಬಚ್ಚಲದಾಗ ಅಷ್ಟೊತ್ತ ಕುಂಡರತೀರಲ್ಲ."

ಅವಮಾನವಾಯಿತು ನಿಜ, ಆದರೆ ಮರೆವಿಗಿಂತ ಅವಮಾನ ವಾಸಿ. ಅಂದು ಮಧ್ಯಾಹ್ನ ತಿರುಗಾಡಿ ಬಂದು ಚಪ್ಪಲಿ ಬಿಟ್ಟು, ಒಳಗಿನ ಬಾಗಿಲ ಮರೆಯಲ್ಲಿ ಕಳ್ಳನಂತೆ ನಿಂತೆ. ಹರು-ಸಾನ್ ಬಂದರು. ಮಂಡಿಯೂರಿದರು. ನನ್ನ ಧೂಳು ಹಿಡಿದ ಅಥಣಿ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿ, ತಿರುಗಿಸಿ, ಜೋಡಿಸಿ ಇಟ್ಟರು. ಪದ್ಮಾಳವನ್ನೂ ಇಟ್ಟರು. ಪಕ್ಕದ ಕೋಣೆಗೆ ಅಂದೇ ಬಂದಿದ್ದ ಅತಿಥಿಯ ಬೂಟುಗಳನ್ನೂ ಇಟ್ಟರು. ಹೊರಡುವವರು ಸುಮ್ಮನೆ ಕಾಲು ತೂರಿಸಿ ನಡೆಯಲಿ ಎಂದು. ಅಷ್ಟೇ.

ನನ್ನ ತಲೆ ನೆಟ್ಟಗಿತ್ತು. ಡೈರಿಯೂ ನೆಟ್ಟಗಿತ್ತು.

ಅದೇ ಮಧ್ಯಾಹ್ನ, ಸಕ್ಕರೆ

ಮರೆಯಿಂದ ಹೊರಬಂದವನು ಆ ನಿರಾಳದಲ್ಲಿ ಸೊಂಟ ಬಗ್ಗಿಸಿ, ಶೇಡಬಾಳದ ಹಿರಿಯರಿಗೆ ಅನ್ನುವ ಹಾಗೆಯೇ ಅಂದುಬಿಟ್ಟೆ: "ಅರಿಗಾತೋರಿ!"

ಧನ್ಯವಾದಕ್ಕೆ ಜಪಾನಿಯಲ್ಲಿ "ಅರಿಗಾತೋ". "ರಿ" ನಮ್ಮದು. ಹೌದ್ರಿ, ಅಲ್ರಿ, ಸಾಕ್ರಿ ಎಂದು ಐವತ್ತು ವರ್ಷ ಆಡಿದ ನಾಲಿಗೆ ಅದನ್ನು ಕೇಳದೆಯೇ ಹಚ್ಚಿತ್ತು.

ಹರು-ಸಾನ್ ಎದ್ದು ನಿಂತರು. ನೆಲ ನೋಡಿದರು, ಆಮೇಲೆ ಸೂರು ನೋಡಿದರು. "ಅರಿ ಗಾ, ತೋರಿ?" ಎಂದು ಕೇಳಿದರು.

ಅರಿ ಅಂದರೆ ಇರುವೆ. ತೋರಿ ಅಂದರೆ ಹಕ್ಕಿ. ನಾನು ಕೈಮುಗಿದು, ಪರಮ ವಿನಯದಿಂದ, "ಇರುವೆಯೇ ಹಕ್ಕಿ" ಎಂದು ಘೋಷಿಸಿದ್ದೆ. "ಅಲ್ಲ, ಅಲ್ಲ" ಎಂದೆ, ಜಪಾನಿಯಲ್ಲೇ.

ಚಹಾದ ಜೊತೆ ಒಂದು ತಟ್ಟೆ ತಂದಿಟ್ಟು ಅವರು ನನ್ನೆದುರು ಕೂತೇಬಿಟ್ಟರು. ತಟ್ಟೆಯಲ್ಲಿ ಆ ತೆಳ್ಳನೆಯ ಕಬ್ಬಿನ ಸಕ್ಕರೆಯನ್ನು ಹೂವಿನ ಆಕಾರದಲ್ಲಿ ಒತ್ತಿದ ಮಿಠಾಯಿ. "ಹಕ್ಕಿ ಎಲ್ಲಿದೆ?" ಎಂದು ಕೇಳಿದರು. ಕಣ್ಣಲ್ಲಿ ತುಂಟತನವಿತ್ತು. ಪದ್ಮಾ ಮೂಲೆಯಲ್ಲಿ ಕೂತು ಬೆರಳಿನ ಗೆಣ್ಣಿಗೆ ಹೆಬ್ಬೆರಳು ಹಚ್ಚಿದ್ದು ಕಂಡಿತು.

ನಮ್ಮೂರಲ್ಲಿ "ರಿ" ಅಂದರೆ ನಿಮ್ಮ "ಸಾನ್" ಇದ್ದಂತೆ ಎಂದೆ. ಹಾಗಾದರೆ ನಾನು ಹರು-ರಿಯೇ ಎಂದರು. ಹೆಸರಿಗಲ್ಲ, ಮಾತಿಗೆ ಹಚ್ಚುತ್ತೇವೆ ಎಂದೆ. ಹಾಗಾದರೆ ಇರುವೆಗೂ ಮರ್ಯಾದೆ ಕೊಟ್ಟಿರಿ ಎಂದರು. ಆಗ ಅವ್ವ ನೆನಪಾದಳು. ಹಿತ್ತಲಿನ ಇರುವೆಗೂಡಿಗೆ ದಿನವೂ ಚಿಟಿಕೆ ಸಕ್ಕರೆ ಹಾಕದೆ ಅವಳು ಊಟಕ್ಕೆ ಕೂಡುವುದಿಲ್ಲ. ಸ್ವಂತ ತಾಯಿಗೆ ಜಪಾನಿಯಲ್ಲಿ "ಹಹಾ". "ಹಹಾ ಇರುವೆಗೆ ಸಕ್ಕರೆ ಕೊಡುತ್ತಾಳೆ" ಎಂದೆ.

"ಯಾಕ ಅತ್ತಿ ವಿಷಯಕ್ಕ ನಗಾಕತ್ತೀರಿ?" ಎಂದು ಪದ್ಮಾ ಮೂಲೆಯಿಂದ ಗುಡುಗಿದಳು.

"ನಗಾಕತ್ತಿಲ್ಲ ಮಾರಾಯ್ತಿ, ಹಹಾ ಅಂದ್ರ ಅವ್ವ!"

"ಸಕ್ಕರೆ? ಔಷಧಿಯಲ್ಲವೇ?" ಎಂದು ಹರು-ಸಾನ್ ಇರುವೆಪುಡಿ ಚೆಲ್ಲುವಂತೆ ಕೈ ಆಡಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪದ್ಮಾ, "ಸಾತೋ! ಸಾತೋ!" ಎಂದು ಕೂಗಿ, ಪಂಚರು ಆಟಕ್ಕಿಳಿಯಬಾರದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು. ನಾನೂ ಅದನ್ನೇ ಹೇಳಿದೆ. ಹೆಚ್ಚು ಇರುವೆ ಬರುವುದಿಲ್ಲವೇ ಎಂದರು. ಬರಲಿ ಅನ್ನುತ್ತಾಳೆ ಎಂದೆ.

ಆಗ ನನ್ನ ಅರಿವಿಗೆ ಬಂದದ್ದು ಇದು: ನಾಲ್ಕು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದು, ವಾಕ್ಯವನ್ನು ಕಾಲು ಮೇಲೆ ಮಾಡಿ ನಿಲ್ಲಿಸಿ, ಮತ್ತೆ ತಲೆ ಮೇಲೆ ಮಾಡಿ ಜಪಾನಿ ಮಾಡುತ್ತಿದ್ದೆ. ಅರಿ-ನಿ, ಸಾತೋ-ಒ, ಅಗೆಮಾಸು. ಇರುವೆ-ಗೆ, ಸಕ್ಕರೆ-ಯನ್ನು, ಕೊಡುತ್ತಾಳೆ. ಕನ್ನಡದ ಮೇಲೆ ಕಾರ್ಬನ್ ಕಾಗದ ಇಟ್ಟಂತಿತ್ತು. ಮರೆವಿನ ಮೇಲೆ ಹೊರಿಸಿದ್ದ ಅಪರಾಧದಲ್ಲಿ ಅರ್ಧ, ನಾನು ಹಿಡಿದ ಇಂಗ್ಲಿಷ್ ದಾರಿಯದೇ ಆಗಿತ್ತು.

"ಎಲ್ಲರಿಗೂ ರಿ ಅನ್ನುತ್ತೀರಾ?" ಎಂದು ಕೇಳಿದರು.

"ಹಿರಿಯರಿಗೆ, ಪರಿಚಯವಿಲ್ಲದವರಿಗೆ."

"ಹಾಗಾದರೆ ಮಗನಿಗೆ ಅನ್ನುವುದಿಲ್ಲ."

ಸುಮ್ಮನೆ ಹೌದು ಅಂದಿದ್ದರೆ ಸಾಕಿತ್ತು, ಒಂದು ಸರದಿ ಸಿಗುತ್ತಿತ್ತು. ಆದರೆ ಕೈಲಿದ್ದ ಪದಗಳು ಬಹಳ ಸಣ್ಣವು. ಸಣ್ಣ ಪದಗಳಲ್ಲಿ ಸುಳ್ಳು ಹೇಳಲು ಜಾಗ ಇರುವುದಿಲ್ಲ. "ನನ್ನ ಅಪ್ಪ ಅಂದರು" ಎಂದೆ. "ಅಪ್ಪ ನನ್ನನ್ನು ಮರೆತರು. ಅದಕ್ಕೆ ರಿ ಅಂದರು."

ಅಪ್ಪ ಮೊದಲ ಸಲ ಹಾಗೆ ಅಂದ ಮೇಲೆ ಕಳೆದ ಹದಿನಾರು ವರ್ಷದಲ್ಲಿ ಇದನ್ನು ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ.

ಹರು-ಸಾನ್ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ಸರಿಸಿದರು. ನಿಧಾನವಾಗಿ, ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು: "ಮಗನನ್ನು ಮರೆತರು. ಮರ್ಯಾದೆಯನ್ನು ಮರೆಯಲಿಲ್ಲ."

"ಹಾಯ್" ಎಂದೆ. ಹೌದು.

ಹೊರಗೆ ಯಾರೋ ಕರೆಗಂಟೆ ಒತ್ತಿದರು. ಅವರು ಎದ್ದು ಹೋದರು, ಸಂಜೆಯವರೆಗೂ ಬಿಡುವಾಗಲಿಲ್ಲ.

ಪದ್ಮಾಗೆ ಸಕ್ಕರೆ ಬಿಟ್ಟರೆ ಒಂದು ಪದವೂ ತಿಳಿದಿರಲಿಲ್ಲ. ಆದರೂ ಕಣ್ಣು ಒರೆಸಿಕೊಳ್ಳುತ್ತಿದ್ದಳು. (ಎರಡನೆಯ "ಸುಳ್ಳ" ಇಲ್ಲಿದೆ.) ಆಮೇಲೆ ಗೆಣ್ಣು ತೋರಿಸಿ, ಏಕಸಂಬಿಯ ಖಡಕ್ ದನಿಯಲ್ಲಿ ಹೇಳಿದಳು: "ಒಂಬತ್ತ."

ಹೊರಟ ದಿನ

ಉಳಿದದ್ದು ಒಂದೇ ಸರದಿ, ಬೀಳ್ಕೊಡುಗೆಯದು. ಪುಸ್ತಕದ ಐವತ್ತನೆಯ ಪಾಠದ ಘನವಾದ ಮಾತನ್ನು ನಸುಕಿನಲ್ಲೇ ಎದ್ದು ಬಾಯಿಪಾಠ ಮಾಡಿದೆ. ಹೊಸ್ತಿಲಲ್ಲಿ ಬಗ್ಗಿ, ಒಂದಕ್ಷರವೂ ತಪ್ಪದೆ, "ರಿ" ಸೇರಿಸದೆ ಒಪ್ಪಿಸಿದೆ. ಹರು-ಸಾನರೂ ಬಗ್ಗಿ ಅಷ್ಟೇ ಘನವಾಗಿ ಉತ್ತರಿಸಿದರು. ಗೆದ್ದೆ ಎಂದು ಪದ್ಮಾ ಕಡೆ ತಿರುಗಿದೆ.

"ಅದು ಪಾಠ ಒಪ್ಪಿಸಿದ್ದು ರೀ. ಮಾತಲ್ಲ."

ಕೆಳಗೆ ನನ್ನ ಚಪ್ಪಲಿಗಳು ಬೀದಿಯ ಕಡೆ ಮುಖ ಮಾಡಿ ಕಾದಿದ್ದವು. ಅವುಗಳ ಪಕ್ಕದ ಕಲ್ಲಿನ ಮೇಲೆ ಆ ಸಕ್ಕರೆ ಹೂವೊಂದು ಪುಡಿಯಾಗಿ ಬಿದ್ದಿತ್ತು. ಬಿದ್ದಿರಲಿಲ್ಲ, ಯಾರೋ ಇಟ್ಟಿದ್ದರು. ಅದರ ಸುತ್ತ ಇರುವೆಗಳ ಸಾಲು. ಹರು-ಸಾನ್ ಅದನ್ನು ಬೆರಳಿನಿಂದ ತೋರಿಸಿ, ಬಹಳ ಗಂಭೀರವಾಗಿ ಹೇಳಿದರು: "ಇನ್ನೂ ಹಕ್ಕಿ ಆಗಿಲ್ಲ."

ಯಾವ ಪಾಠದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ನಾನು ಜಪಾನಿಯಲ್ಲಿ ಯೋಚಿಸಲಿಲ್ಲ. ಶೇಡಬಾಳದ ಹಿತ್ತಲಲ್ಲಿ ನಿಂತು ಯೋಚಿಸಿದೆ: ಅವ್ವಗ ಕೇಳಿ ನೋಡತೀನಿ. ಬಾಯಿಂದ ಬಂದದ್ದು: "ಹಹಾ ನಿ, ಕೀತೆ, ಮಿಮಾಸು."

ಹಹಾ, ಅವ್ವ. ನಿ, ಗ. ಕೀತೆ, ಕೇಳಿ. ಮಿಮಾಸು, ನೋಡತೀನಿ. ಕೇಳುವುದಕ್ಕೂ ನೋಡುವುದಕ್ಕೂ ಗಂಟುಹಾಕುವ ಚಟ ನಮ್ಮೊಬ್ಬರದೇ ಅಲ್ಲ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಹರು-ಸಾನ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ನಾವು ಓಣಿಯ ತಿರುವು ದಾಟುವವರೆಗೂ ಎರಡೂ ತೋಳುಗಳನ್ನು ಹಕ್ಕಿಯಂತೆ ಬಡಿಯುತ್ತ ನಿಂತಿದ್ದರು.

"ನಿಹೊಂಗೊ ಜೋಝು ಅನ್ನಲಿಲ್ಲರೀ ಅವರು" ಎಂದಳು ಪದ್ಮಾ, ರೈಲಿನಲ್ಲಿ ಕೂತ ಮೇಲೆ.

"ಇಲ್ಲ."

"ಹಂಗಾರ ಹತ್ತ."

ಮಿರಜ್, ಶೇಡಬಾಳ

ಗೆದ್ದವನು ಮಿರಜಿಗೆ ಹೋಗಬೇಕಿರಲಿಲ್ಲ. ಹೋಗಿ ಬಂದೆ, ನಾನೇ. ಗೆಲ್ಲುವ ಮೊದಲು ಆ ಬಾಗಿಲು ತಟ್ಟುವ ಧೈರ್ಯ ಇರಲಿಲ್ಲ. ಡಾಕ್ಟರು ಬಹಳ ಹೊತ್ತು ಪ್ರಶ್ನೆ ಕೇಳಿದರು, ಈಗ ಹೆದರುವಂಥದ್ದೇನೂ ಕಾಣುವುದಿಲ್ಲ, ಒಂದು ವರ್ಷ ಬಿಟ್ಟು ಮತ್ತೆ ಬನ್ನಿ ಎಂದರು. ಮನೆಯಲ್ಲಿ ಏನಾದರೂ ಹೊಸದು ಕಲಿಯಿರಿ ಎಂದೂ ಸಲಹೆ ಕೊಟ್ಟರು. ಪದ್ಮಾ ಅಲ್ಲೇ ನಗಲು ಶುರುಮಾಡಿದ್ದರಿಂದ ಬೇಗ ಎದ್ದು ಬಂದೆವು.

ಬರುವಾಗ ಶೇಡಬಾಳದಲ್ಲಿ ಇಳಿದು, ಅವ್ವ ಮತ್ತು ತಮ್ಮ ಇರುವ ನಮ್ಮ ಮನೆಗೆ ಹೋದೆವು. ಅವ್ವ ಹಿತ್ತಲಲ್ಲಿ ಸಕ್ಕರೆ ಡಬ್ಬಿ ಹಿಡಿದು ಕೂತಿದ್ದಳು. ಕೊಟ್ಟ ಮಾತಿನಂತೆ ಕೇಳಿದೆ.

"ಅವ್ವಾ, ಇರುವಿ ಹಕ್ಕಿ ಆಗತಾವೇನ?"

ಅವ್ವ ತಲೆ ಎತ್ತಲಿಲ್ಲ. "ಈ ಜನ್ಮದಾಗ ಆಗಂಗಿಲ್ಲ. ಮುಂದಿನದರಾಗ ಆಗಬೌದು. ಮತ್ತ್ಯಾಕ ಸಕ್ಕರಿ ಹಾಕತೇನಿ ಅಂತ ಮಾಡಿ? ಇಷ್ಟ ಕೇಳಾಕ ಜಪಾನಕ್ಕ ಹೋಗಿದ್ದೇನಲೇ?"

"ಲೇ" ಎಂದದ್ದು ಕಿವಿಗೆ ತಂಪಾಗಿ ಬಿತ್ತು.

ಈ ಉತ್ತರವನ್ನು ಜಪಾನಿಯಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಹರು-ಸಾನರಿಗೆ ಅಂಚೆಗೆ ಹಾಕಬೇಕು. ಮುಂದಿನ ಜನ್ಮ ಎಂಬುದಕ್ಕೆ ಪದ ನನಗಿನ್ನೂ ಗೊತ್ತಿಲ್ಲ. ದೇವರು ಬಿಟ್ಟವನ ಪೆಟ್ಟಿಗೆಯಲ್ಲಿ ಅಂಥ ಕಾರ್ಡು ಇರುವುದಾದರೂ ಹೇಗೆ? ಮಾನೆಗೆ ಮತ್ತೆ ಇನ್ನೂರು ಕಾರ್ಡು ಮಾಡಲು ಹೇಳಿದ್ದೇನೆ.

ಅವತ್ತು ಅವ್ವನ ಮನೆಯಿಂದ ಹೊರಟಾಗ ಕಟ್ಟೆಯ ಕೆಳಗೆ ನನ್ನ ಚಪ್ಪಲಿ ಬೀದಿಯ ಕಡೆ ಮುಖ ಮಾಡಿದ್ದವು. ಪದ್ಮಾ ನನಗಿಂತ ಮೊದಲೇ ಹೊರಗೆ ಬಂದು, ಬೇರೆಲ್ಲೋ ನೋಡುತ್ತ ನಿಂತಿದ್ದಳು. ನಾನೇ ಹಾಗೆ ಬಿಟ್ಟಿದ್ದೆನೋ, ಅವಳು ತಿರುಗಿಸಿದಳೋ, ನೆನಪಿಲ್ಲ. ಕೇಳಲಿಲ್ಲ. ಕಾಲು ತೂರಿಸಿ ನಡೆದೆ.